ತೊಳೆದಿಟ್ಟ ಟ್ರ್ಯಾಕ್ಟರ್ ಯಾರಿಗೆ ಬೇಕು?

ಕಳೆದ ಆಗಸ್ಟಿನಲ್ಲಿ ನಮ್ಮ ಕೌಂಟಿಯ ಜಾತ್ರೆಯಲ್ಲಿ ಒಬ್ಬರು ನನ್ನನ್ನು ನಾಲ್ಕು ಜನರೆದುರು ಬೈದರು. ಒಹಾಯೊ ರಾಜ್ಯದ ಈ ಮೂಲೆಯಲ್ಲಿ ಕೌಂಟಿ ಜಾತ್ರೆ ಎಂದರೆ ನಮ್ಮ ಊರಿನ ದನದ ಜಾತ್ರೆ ಮತ್ತು ಕೃಷಿಮೇಳ ಎರಡೂ ಸೇರಿದ ಹಾಗೆ. ಒಂದು ಕಡೆ ಹಸು, ಹಂದಿ, ಕುರಿಗಳ ಸ್ಪರ್ಧೆ. ಇನ್ನೊಂದು ಕಡೆ ಎಣ್ಣೆಯಲ್ಲಿ ಕರಿದ ತಿಂಡಿಗಳ ಘಮಲು. ಮೈದಾನದ ಕೊನೆಯಲ್ಲಿ ಹಳೆಯ ಟ್ರ್ಯಾಕ್ಟರುಗಳ ಸಾಲು. ಆ ಸಾಲಿನಲ್ಲಿ ನನ್ನದನ್ನೂ ನಿಲ್ಲಿಸಿದ್ದೆ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಕಬ್ ಕೆಡೆಟ್ 100, 1964ರದ್ದು. ಎಡಬಲದಲ್ಲಿ ನಿಂತವೆಲ್ಲ ಹೊಸ ಬಣ್ಣ ಬಳಿಸಿಕೊಂಡು ಮದುಮಕ್ಕಳ ಹಾಗೆ ಹೊಳೆಯುತ್ತಿದ್ದವು. ನನ್ನದರ ಹಿಂದಿನ ಚಕ್ರಗಳಲ್ಲಿ ಆಲೂಗಡ್ಡೆ ಸಾಲಿನ ಮಣ್ಣು ಹಾಗೇ ಮೆತ್ತಿಕೊಂಡಿತ್ತು.

ಪಕ್ಕದ ಟ್ರ್ಯಾಕ್ಟರಿನ ಯಜಮಾನರು ಒಂದು ಸುತ್ತು ಹಾಕಿ ನೋಡಿದರು. "ಇದನ್ನು ಇನ್ನೂ ದುಡಿಸ್ತಾ ಇದ್ದೀರಾ?" ಎಂದರು. ಹೌದೆಂದೆ. "ಇಂಥವು ಎಷ್ಟು ಉಳಿದಿವೆ ಅಂತ ಗೊತ್ತಾ ನಿಮಗೆ? ನಿಮ್ಮಂಥವರೇ ಇವನ್ನು ಮುಗಿಸೋದು" ಎಂದರು. ನಾನು ಪರದೇಶಿ, ಅವರು ಹಿರಿಯರು, ಜಾತ್ರೆಯ ದಿನ ಬೇರೆ. ನಕ್ಕು ಸುಮ್ಮನಾದೆ. ಅಂದು ನುಂಗಿಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಗಾರ್ಡನ್ ಟ್ರ್ಯಾಕ್ಟರ್ ಎಂದರೆ ಏನೆಂದು ಮೊದಲು ಹೇಳಬೇಕು. ನಮ್ಮಲ್ಲಿ ತೋಟವೆಂದರೆ ಅಡಿಕೆ, ತೆಂಗು, ಕಾಫಿ ಕಣ್ಣಮುಂದೆ ಬರುತ್ತದೆ. ಇಲ್ಲಿ ಮನೆಯ ಸುತ್ತಲಿನ ಅರ್ಧ ಎಕರೆಯೋ ಎರಡು ಎಕರೆಯೋ ಜಾಗವೇ ಗಾರ್ಡನ್. ಅಲ್ಲಿನ ಕೆಲಸಕ್ಕೆಂದು ಮಾಡಿದ, ಆಡಿಗಿಂತ ದೊಡ್ಡದು ಆಕಳಿಗಿಂತ ಚಿಕ್ಕದು ಎನ್ನುವಂಥ ಪುಟ್ಟ ಟ್ರ್ಯಾಕ್ಟರ್ ಇದು. ಇವತ್ತು ಅಂಗಡಿಗಳ ಮುಂದೆ ಸಾಲುಗಟ್ಟಿ ನಿಲ್ಲಿಸುವ, ಹುಲ್ಲು ಕತ್ತರಿಸುವುದಕ್ಕಷ್ಟೇ ಆಗುವ ಲಾನ್ ಟ್ರ್ಯಾಕ್ಟರಿಗೂ ಇದಕ್ಕೂ ಅಜಗಜಾಂತರ. ಗಾರ್ಡನ್ ಟ್ರ್ಯಾಕ್ಟರ್ ಮಣ್ಣಿಗಿಳಿಯುತ್ತದೆ. ನೇಗಿಲು ಎಳೆಯುತ್ತದೆ, ಹಿಮ ತಳ್ಳುತ್ತದೆ, ಗಾಡಿ ಕಟ್ಟಿದರೆ ಸೌದೆ, ಗೊಬ್ಬರ, ಕಲ್ಲು ಹೊರುತ್ತದೆ.

ಇದರ ಚರಿತ್ರೆಯೂ ಸ್ವಾರಸ್ಯವಾಗಿದೆ. ಪಶ್ಚಿಮ ವರ್ಜೀನಿಯದಲ್ಲಿ ಫೋಟೋ ತೆಗೆಯುತ್ತಿದ್ದ ಬೆಂಜಮಿನ್ ಫ್ರಾಂಕ್ಲಿನ್ ಗ್ರೇವ್ಲಿ ಎಂಬಾತ ಹಿಂದೆ ನಡೆಯುತ್ತ ಓಡಿಸುವ ಮೋಟಾರು ನೇಗಿಲಿಗೆ 1916ರಲ್ಲಿ ಪೇಟೆಂಟ್ ಪಡೆದ. ಎರಡನೇ ಮಹಾಯುದ್ಧ ಮುಗಿದ ಮೇಲೆ ನಗರಗಳ ಹೊರಗೆ ಅಂಗಳವಿರುವ ಮನೆಗಳು ಲಕ್ಷಗಟ್ಟಲೆ ಎದ್ದವು. ಇಂಡಿಯಾನಾದ ಸೌತ್ ಬೆಂಡಿನಲ್ಲಿ ವೀಲ್ ಹಾರ್ಸ್ ಎಂಬ ಪುಟ್ಟ ಟ್ರ್ಯಾಕ್ಟರುಗಳು ತಯಾರಾದವು. 1961ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಬ್ ಕೆಡೆಟ್ ತಂದಿತು. 1963ರಲ್ಲಿ ಜಾನ್ ಡಿಯರ್ ತನ್ನ 110 ಎಂಬ ಮಾದರಿಯೊಂದಿಗೆ ಈ ಪೇಟೆಗಿಳಿಯಿತು. ಕಬ್ ಕೆಡೆಟ್ಟಿನ ಗೇರುಪೆಟ್ಟಿಗೆಯ ಮೂಲ, ಅದೇ ಕಂಪನಿ 1947ರಿಂದ ಸಣ್ಣ ರೈತರಿಗಾಗಿ ಮಾಡುತ್ತಿದ್ದ ಫಾರ್ಮಾಲ್ ಕಬ್ ಟ್ರ್ಯಾಕ್ಟರಿನಲ್ಲಿದೆ. ಇದರಲ್ಲಿ ಕಂಪನಿಯ ಪುಣ್ಯವೇನೂ ಇಲ್ಲ, ಬರೀ ಲೆಕ್ಕಾಚಾರ. ಕೈಯಲ್ಲಿದ್ದ ಅಚ್ಚು, ಕೈಯಲ್ಲಿದ್ದ ಗೇರು ಬಳಸಿ ಅಗ್ಗದಲ್ಲಿ ಮುಗಿಸಿದರು. ಹೊಲದ ಟ್ರ್ಯಾಕ್ಟರಿನ ಎಲುಬು ಅಂಗಳದ ಟ್ರ್ಯಾಕ್ಟರಿಗೆ ಬಂದದ್ದು ಹಾಗೆ. ಯಾರ ಲೆಕ್ಕಾಚಾರವೋ, ಅರವತ್ತು ವರ್ಷದ ಮೇಲೆ ನನಗೆ ಲಾಭವಾಗಿದೆ.

ನನ್ನ ಕೈಗೆ ಇದು ಬಂದದ್ದು ಸೋತ ಮೇಲೆ. ಮನೆ ಕೊಂಡ ವರ್ಷ ಅಂಗಡಿಯಿಂದ ಹೊಸ ಯಂತ್ರವೊಂದನ್ನು ತಂದಿದ್ದೆ. ಪ್ಲಾಸ್ಟಿಕ್ಕಿನ ಮೂತಿ, ಲೋಟ ಇಡುವ ಗುಂಡಿ, ತೆಳ್ಳನೆಯ ತಗಡಿನ ಮೈ. ಐದನೇ ಬೇಸಿಗೆಗೆ ಅದು ಸ್ವಲ್ಪ ಬಿಸಿಯಾದರೆ ಸಾಕು, ಮನೆ ಹಿಂದಿನ ಏರು ಹತ್ತದೆ ನಿಂತುಬಿಡತೊಡಗಿತು. ರಿಪೇರಿಯವನು ಬಂದು ನೋಡಿ, ಗೇರುಪೆಟ್ಟಿಗೆ ಮುಚ್ಚಿದ್ದು, ಎಣ್ಣೆ ಬದಲಿಸುವುದಕ್ಕೂ ದಾರಿಯಿಲ್ಲ, ಇಡಿಯಾಗಿ ಹೊಸದು ಹಾಕಬೇಕು ಎಂದ. ಅದರ ಬೆಲೆ ಹೊಸ ಯಂತ್ರದ ಅರ್ಧಕ್ಕಿಂತ ಹೆಚ್ಚು. "ಇದನ್ನು ರಿಪೇರಿ ಮಾಡೋಕೆ ಅಂತ ಮಾಡಿಲ್ಲ ಸಾರ್" ಎಂದು ಅವನು ಸಂಕೋಚದಿಂದಲೇ ಹೇಳಿದ. ತಪ್ಪು ಅವನದಲ್ಲವಲ್ಲ.

ಅದೇ ವಾರ, ಎರಡು ಮನೆ ಆಚೆಯ ಅಜ್ಜಿ ತನ್ನ ಗಂಡನ ಹಳೆಯ ಟ್ರ್ಯಾಕ್ಟರ್ ಕೊಡುವುದಾಗಿ ಹೇಳಿ ಕಳಿಸಿದರು. ಅಜ್ಜ ತೀರಿಕೊಂಡು ಏಳು ವರ್ಷವಾಗಿತ್ತು. ಅಷ್ಟು ವರ್ಷವೂ ಅದು ಕೊಟ್ಟಿಗೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು. ಬಣ್ಣ ಚೆನ್ನಾಗಿಯೇ ಇತ್ತು, ಒಳಗೆ ಮಾತ್ರ ಸತ್ತಿತ್ತು. ಪೆಟ್ರೋಲು ಆರಿ ಕಾರ್ಬ್ಯುರೇಟರಿನೊಳಗೆ ಹಲಸಿನ ಮೇಣದ ಹಾಗೆ ಅಂಟಿಕೊಂಡಿತ್ತು. ರಬ್ಬರಿನ ಸೀಲುಗಳು ಒಣಗಿ ಬಿರಿದಿದ್ದವು. ಎಂಜಿನ್ನಿಗೆ ಗಾಳಿ ಹಾಯುವ ಜಾಗದಲ್ಲಿ ಇಲಿಗಳು ಹುಲ್ಲು ತುಂಬಿ ಸಂಸಾರ ಹೂಡಿದ್ದವು. ಪಿಸ್ಟನ್ನು ಸಿಲಿಂಡರಿಗೆ ತುಕ್ಕಿನಿಂದ ಕಚ್ಚಿಕೊಂಡಿತ್ತು. ಅಜ್ಜ ದುಡಿಸಿದ ಮೂವತ್ತು ವರ್ಷದಲ್ಲಿ ಆಗದ ಕೇಡು ಅದನ್ನು ಜೋಪಾನ ಮಾಡಿದ ಏಳು ವರ್ಷದಲ್ಲಿ ಆಗಿತ್ತು.

ಜಾತ್ರೆಯ ಯಜಮಾನರಿಗೆ ನನ್ನ ಮೊದಲ ಉತ್ತರ ಇದೇ. ಯಂತ್ರವನ್ನು ಮುಗಿಸುವುದು ದುಡಿಮೆಗಿಂತ ಹೆಚ್ಚಾಗಿ ನಿಲುಗಡೆ. ಎಣ್ಣೆ ಓಡಾಡಿದರೆ ಲೋಹ ಉಳಿಯುತ್ತದೆ, ಬಿಸಿಯಾದರೆ ಒಳಗಿನ ತೇವ ಹೋಗುತ್ತದೆ. ತಿರುಗುವ ಬೇರಿಂಗಿಗೆ ಗ್ರೀಸ್ ಬೇಕೆಂದು ಅದೇ ಕಿರುಗುಟ್ಟಿ ಹೇಳುತ್ತದೆ. ನಿಂತ ಬೇರಿಂಗ್ ಸದ್ದಿಲ್ಲದೆ ಸಾಯುತ್ತದೆ.

ಅಜ್ಜಿ ಹಾಕಿದ್ದು ಒಂದೇ ಷರತ್ತು. ಅವರ ಅಳಿಯ ಇದಕ್ಕೆ ಹೊಸ ಬಣ್ಣ ಬಳಿಸಿ ಹಜಾರದಲ್ಲಿಡಲು ಕೇಳಿದ್ದನಂತೆ, ಕೊಟ್ಟಿರಲಿಲ್ಲ. "ಏಪ್ರಿಲಿನಲ್ಲಿ ಇದರ ಸದ್ದು ನನ್ನ ಅಡುಗೆಮನೆಗೆ ಕೇಳಬೇಕು" ಎಂದರು.

ಸದ್ದು ಕೇಳಿಸುವುದಕ್ಕೆ ನನಗೆ ಇಡೀ ಚಳಿಗಾಲ ಹಿಡಿಯಿತು. ನಾನು ಮೆಕ್ಯಾನಿಕ್ ಅಲ್ಲ, ಕಂಪ್ಯೂಟರಿನ ಮುಂದೆ ಕೂತು ಸಂಬಳ ತರುವವನು. ಕಲಿಸಿದ್ದು ಅಜ್ಜನ ಡಬ್ಬಿಯಲ್ಲಿ ಸಿಕ್ಕ, ಎಣ್ಣೆ ಕಲೆಗಳ ಕೈಪಿಡಿ. ಸಾಹಿತ್ಯದ ಓದುಗರಾದ ನಿಮ್ಮೊಂದಿಗೆ ನಾನು ಮುಖ್ಯವಾಗಿ ಮಾತಾಡಬೇಕಾದದ್ದು ಈ ಪುಸ್ತಕದ ಬಗ್ಗೆ.

ಆ ಕೈಪಿಡಿ ಓದುಗನನ್ನು ಬುದ್ಧಿಯಿರುವ ಮನುಷ್ಯನೆಂದು ನಂಬುತ್ತದೆ. ಯಾವ ತಿರುಪು, ಎಷ್ಟು ಸುತ್ತು, ಯಾವ ಸದ್ದು ಬಂದರೆ ಯಾವ ಕಡೆ ನೋಡಬೇಕು, ಎಲ್ಲವನ್ನೂ ಚಿತ್ರದೊಂದಿಗೆ ಹೇಳುತ್ತದೆ. ಕಿಡಿ ಹುಟ್ಟುವ ಪಾಯಿಂಟುಗಳ ವಿಷಯವನ್ನೇ ನೋಡಿ. ಇದರ ಕೋಹ್ಲರ್ ಎಂಜಿನ್ನು ಒಂದೇ ಸಿಲಿಂಡರಿನದು, ಎರಕದ ಕಬ್ಬಿಣದ್ದು, 10 ಅಶ್ವಶಕ್ತಿಯದು. ಅದರ ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಮುಚ್ಚಳ. ತಿರುಪು ಬಿಚ್ಚಿದರೆ ಒಳಗೆ ಎರಡು ಪುಟ್ಟ ಲೋಹದ ತುದಿಗಳು ಕೂಡುತ್ತ ಬಿಡುತ್ತ ಇರುತ್ತವೆ. ಬಿಡುವ ಕ್ಷಣಕ್ಕೆ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಅವು ಪೂರ್ತಿ ಬಿಟ್ಟಾಗ ನಡುವೆ ಇರಬೇಕಾದ ಸಂದು ಒಂದು ಇಂಚಿನ 1000 ಪಾಲಿನಲ್ಲಿ 20 ಪಾಲು, ಅಂದರೆ ಸುಮಾರು ಅರ್ಧ ಮಿಲಿಮೀಟರ್. ಫೀಲರ್ ಗೇಜಿನ ತೆಳು ಎಸಳನ್ನು ಆ ಸಂದಿನಲ್ಲಿ ತೂರಿಸಿ, ಬೆಣ್ಣೆಯಲ್ಲಿ ಚಾಕು ಎಳೆದಷ್ಟು ಬಿಗಿ ಸಿಕ್ಕುವವರೆಗೆ ತಿರುಪು ತಿರುಗಿಸಬೇಕು. ಮೊದಲ ಸಲ ನನಗೆ ಒಂದು ಸಂಜೆ ಪೂರ್ತಿ ಬೇಕಾಯಿತು. ಈಗ ಕಾಫಿ ಆರುವುದರೊಳಗೆ ಮುಗಿಯುತ್ತದೆ.

ನನ್ನ ಹೊಸ ಯಂತ್ರದ ಜೊತೆ ಬಂದ ಪುಸ್ತಕ ಇದಕ್ಕಿಂತ ದಪ್ಪ. ಅದರ ತುಂಬ ಎಚ್ಚರಿಕೆಗಳು. ಎಚ್ಚರಿಕೆ ಬೇಡವೆನ್ನುವುದಿಲ್ಲ, ಅಲಗಿನ ಹತ್ತಿರ ಕೈ ಇಡುವವರಿಗೆ ಅದು ಬೇಕು. ಆದರೆ ಎಚ್ಚರಿಕೆ ಮುಗಿದು ತಿಳಿವಳಿಕೆ ಶುರುವಾಗಬೇಕಾದ ಪುಟದಲ್ಲೆಲ್ಲ ಒಂದೇ ಪಲ್ಲವಿ: ಅಧಿಕೃತ ಡೀಲರನ್ನು ಕಾಣಿ. ಒಂದು ಪುಸ್ತಕ ಯಾರನ್ನು ಓದುಗನೆಂದು ಕಲ್ಪಿಸಿಕೊಂಡಿದೆ ಎಂಬುದನ್ನು ನೀವು ತರಗತಿಗಳಲ್ಲಿ ಚರ್ಚಿಸುತ್ತೀರಿ. ಈ ಎರಡು ಕೈಪಿಡಿಗಳನ್ನು ಪಕ್ಕಪಕ್ಕ ಇಟ್ಟು ಓದಿ. ಮೊದಲನೆಯದಕ್ಕೆ ಓದುಗನು ಒಡೆಯ, ಎರಡನೆಯದಕ್ಕೆ ಗಿರಾಕಿ. ಕೊಂಡ ವಸ್ತುವಿನ ಒಳಗೆ ಏನಿದೆ ಎಂದು ಕೇಳುವ ಹಕ್ಕು ಈ ಅರವತ್ತು ವರ್ಷದಲ್ಲಿ ಎಲ್ಲೋ ಕಳೆದುಹೋಗಿದೆ.

ಇದು ನನ್ನೊಬ್ಬನ ಗೊಣಗಾಟವಲ್ಲ. ಹೊಲದ ದೊಡ್ಡ ಟ್ರ್ಯಾಕ್ಟರುಗಳಲ್ಲಿ ಇದೇ ಜಗಳ ಕೋರ್ಟಿನ ಮೆಟ್ಟಿಲು ಹತ್ತಿದೆ. ಅವುಗಳಲ್ಲಿ ಈಗ ದೋಷ ಹುಡುಕಲು, ಬದಲಿಸಿದ ಭಾಗವನ್ನು ಯಂತ್ರ ಒಪ್ಪಿಕೊಳ್ಳಲು ಸಾಫ್ಟ್‌ವೇರ್ ಬೇಕು. ಆ ಸಾಫ್ಟ್‌ವೇರಿನ ಬೀಗದ ಕೈ ಯಾರ ಬಳಿ ಇರಬೇಕೆಂಬುದೇ ಪ್ರಶ್ನೆ. ಕೊಲರಾಡೊ ರಾಜ್ಯ 2023ರಲ್ಲಿ ಕೃಷಿ ಯಂತ್ರಗಳನ್ನು ರಿಪೇರಿ ಮಾಡಿಕೊಳ್ಳುವ ಹಕ್ಕಿಗೆ ಕಾನೂನು ತಂದಿತು. ಅದು 2024ರ ಜನವರಿಯಿಂದ ಜಾರಿಗೆ ಬಂತು. 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಲಿನಾಯ್ ಮತ್ತು ಮಿನೆಸೋಟ ರಾಜ್ಯಗಳೊಂದಿಗೆ ಸೇರಿ, ರಿಪೇರಿಯನ್ನು ನಿರ್ಬಂಧಿಸುತ್ತಿದೆ ಎಂಬ ಆರೋಪದ ಮೇಲೆ ಡಿಯರ್ ಕಂಪನಿಯ ವಿರುದ್ಧ ದಾವೆ ಹೂಡಿತು. ನನ್ನ ಅಂಗಳದ ಹಳದಿ ಮುದುಕ ಇಂಥ ಹಕ್ಕಿಗಾಗಿ ಯಾವ ಕೋರ್ಟಿಗೂ ಹೋಗಬೇಕಿಲ್ಲ. ಅವನ ಮೈಯಲ್ಲಿ ಬೀಗವೇ ಇಲ್ಲ. ಅರ್ಧ ಡಜನ್ ಸ್ಪ್ಯಾನರುಗಳಲ್ಲಿ ಅವನನ್ನು ಹೆಚ್ಚುಕಡಿಮೆ ಪೂರ್ತಿ ಬಿಚ್ಚಬಹುದು.

ಹಳೆಯ ಟ್ರ್ಯಾಕ್ಟರನ್ನು ದುಡಿಸಬೇಡಿ ಎನ್ನುವವರಲ್ಲಿ ಪರಿಸರದವರೂ ಇದ್ದಾರೆ. ಅವರ ಮಾತಿಗೆ ನಾನು ಹೆಚ್ಚು ಹೆದರುತ್ತೇನೆ, ಅದರಲ್ಲಿ ನಿಜವಿದೆ. ಅಮೆರಿಕದಲ್ಲಿ ಇಂಥ ಸಣ್ಣ ಎಂಜಿನ್ನುಗಳ ಹೊಗೆಗೆ ದೇಶವ್ಯಾಪಿ ಮಿತಿ ಬಂದದ್ದೇ 1997ರ ಮಾದರಿಗಳಿಂದ. 1964ರ ಎಂಜಿನ್ನಿಗೆ ಯಾವ ಮಿತಿಯೂ ಇರಲಿಲ್ಲ. ಕ್ಯಾಲಿಫೋರ್ನಿಯವಂತೂ 2021ರಲ್ಲಿ ಕಾನೂನು ಮಾಡಿ, ಹೊಸದಾಗಿ ಮಾರುವ ಸಣ್ಣ ಎಂಜಿನ್ನುಗಳಲ್ಲಿ ಹೆಚ್ಚಿನವು 2024ರ ಮಾದರಿಯಿಂದ ಹೊಗೆಯಿಲ್ಲದವೇ ಆಗಿರಬೇಕೆಂದು ಗೊತ್ತುಮಾಡಿತು. ಅದು ಸರಿಯಾದ ಹೆಜ್ಜೆ. ಹಾಗಾಗಿ ನಾನು ವಾರವಾರ ಹುಲ್ಲು ಕತ್ತರಿಸಲು ಈ ಮುದುಕನನ್ನು ಎಬ್ಬಿಸುವುದಿಲ್ಲ. ಇದ್ದ ಹುಲ್ಲುಹಾಸಿನಲ್ಲಿ ಮುಕ್ಕಾಲು ಪಾಲು ತೆಗೆದು ತರಕಾರಿ, ಸೇಬು, ಕಾಡುಹೂಗಳಿಗೆ ಬಿಟ್ಟಿದ್ದೇನೆ. ಉಳಿದ ಕಾಲು ಪಾಲಿಗೆ ಬ್ಯಾಟರಿಯ ತಳ್ಳುವ ಯಂತ್ರ ಸಾಕು. ಮುದುಕನಿಗೆ ವರ್ಷದಲ್ಲಿ ನಾಲ್ಕಾರು ಭಾರದ ಕೆಲಸ: ವಸಂತದಲ್ಲಿ ಉಳುಮೆ, ಬೇಸಿಗೆಯ ಕೊನೆಗೆ ಆಲೂಗಡ್ಡೆ ಅಗೆಯುವುದು, ಅಕ್ಟೋಬರಿನಲ್ಲಿ ಎಲೆ ಮತ್ತು ಸೌದೆ ಸಾಗಿಸುವುದು, ಚಳಿಗಾಲದಲ್ಲಿ ಚಕ್ರಕ್ಕೆ ಸರಪಳಿ ಸುತ್ತಿ ಮೂರು ಮನೆಯ ದಾರಿಯ ಹಿಮ ತಳ್ಳುವುದು. ಹೊಗೆಯ ಲೆಕ್ಕ ಕೇಳುವವರು ಇನ್ನೊಂದು ಲೆಕ್ಕವನ್ನೂ ಕೇಳಬೇಕು. ಐದಾರು ವರ್ಷಕ್ಕೊಮ್ಮೆ ಗುಜರಿ ಸೇರುವ ಪ್ಲಾಸ್ಟಿಕ್ ಮೂತಿಗಳನ್ನು ಕರಗಿಸಿ, ಎರೆದು, ಹಡಗಿನಲ್ಲಿ ಸಾಗಿಸಿ ಮತ್ತೆ ಅಂಗಡಿಯ ಮುಂದೆ ನಿಲ್ಲಿಸುವುದಕ್ಕೂ ಎಲ್ಲೋ ಒಂದು ಕಡೆ ಹೊಗೆ ಏಳುತ್ತದೆ. ಅದು ನಮ್ಮ ಅಂಗಳದಲ್ಲಿ ಏಳುವುದಿಲ್ಲ, ಅಷ್ಟೆ.

ಸುರಕ್ಷತೆಯ ಮಾತೂ ನಿಜ. ಇಂದಿನ ಯಂತ್ರದಲ್ಲಿ ಆಸನದಿಂದ ಎದ್ದರೆ ಅಲಗು ನಿಲ್ಲುತ್ತದೆ, ನನ್ನದರಲ್ಲಿ ಅಂಥದ್ದಿರಲಿಲ್ಲ. ಆಸನದ ಕೆಳಗೆ ಒಂದು ಸ್ವಿಚ್ಚು ಕೂರಿಸಿ, ನಾನು ಎದ್ದ ಕೂಡಲೇ ಕಿಡಿಯ ಕಾಯಿಲಿಗೆ ವಿದ್ಯುತ್ತು ತಪ್ಪುವ ಹಾಗೆ ತಂತಿ ಎಳೆದಿದ್ದೇನೆ. ಇದನ್ನು ನೋಡಿದ ಒಬ್ಬ ಸಂಗ್ರಹಕಾರರು, ಮೂಲ ರೂಪ ಕೆಟ್ಟಿತು ಎಂದು ಮರುಗಿದರು. ಕಾಲು ಕಳೆದುಕೊಂಡರೆ ನನ್ನ ಮೂಲ ರೂಪ ಕೆಡುತ್ತದೆ ಎಂದೆ.

ಸಂಗ್ರಹಕಾರರ ಋಣವನ್ನು ನಾನು ಅಲ್ಲಗಳೆಯುವುದಿಲ್ಲ. ಯಾವ ವರ್ಷ ಯಾವ ಬೋಲ್ಟು ಬಂತೆಂದು ಬಾಯಲ್ಲಿ ಹೇಳುವವರು ಅವರು. ಹಳೆಯ ಕೈಪಿಡಿಗಳನ್ನು ಕಾಪಾಡಿದವರೂ ಅವರು. ಪ್ರತಿ ಮಾದರಿಯದೊಂದು ಹೊಳೆಯುತ್ತ ಎಲ್ಲೋ ಇರಲಿ, ನೋಡಲು ಬೇಕು. ಆದರೆ ಎಲ್ಲವೂ ಹೊಳೆಯುತ್ತ ನಿಂತರೆ ಗ್ಯಾಸ್ಕೆಟ್ ಕೊಳ್ಳುವವರು ಯಾರು? ಪಾಯಿಂಟು, ಪಿಸ್ಟನ್ ರಿಂಗು, ಬೆಲ್ಟುಗಳನ್ನು ಇವತ್ತಿಗೂ ಯಾರೋ ತಯಾರಿಸುತ್ತಿರುವುದು ಅವು ಸವೆಯುತ್ತಿರುವುದರಿಂದ. ಸವೆತ ನಿಂತ ದಿನ ಅಂಗಡಿ ಮುಚ್ಚುತ್ತದೆ. ಆಮೇಲೆ ಉಳಿಯುವುದು ಬಣ್ಣ ಬಳಿದ ಬೊಂಬೆ.

ನನಗೆ ಈ ಪಾಠ ಒಹಾಯೊದಲ್ಲಿ ಮೊದಲು ಸಿಕ್ಕಿದ್ದಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಪ್ಪಯ್ಯ ತಂದಿದ್ದ ಪವರ್ ಟಿಲ್ಲರ್ ಇದೆ. ಬೆಂಗಳೂರಿನ ವಿಎಸ್‌ಟಿಯವರು ಜಪಾನಿನ ಮಿತ್ಸುಬಿಷಿಯ ಜೊತೆ ಸೇರಿ ಮಾಡುತ್ತಿದ್ದ ಕೆಂಪು ಟಿಲ್ಲರು. ಗಾರ್ಡನ್ ಟ್ರ್ಯಾಕ್ಟರಿಗೆ ಮಲೆನಾಡಿನಲ್ಲಿ ದಾಯಾದಿ ಯಾರೆಂದರೆ ಅದೇ. ಕೇಜ್ ವೀಲ್ ಹಾಕಿಕೊಂಡು ಕೆಸರುಗದ್ದೆ ಉಳುತ್ತಿತ್ತು, ಟ್ರೈಲರ್ ಕಟ್ಟಿಕೊಂಡು ಅಡಿಕೆ ಗೊನೆ ಹೊರುತ್ತಿತ್ತು, ಬೆಲ್ಟು ಹಾಕಿದರೆ ಪಂಪು ಓಡಿಸುತ್ತಿತ್ತು. ಕೆಟ್ಟರೆ ಪೇಟೆಯಿಂದ ರಿಪೇರಿ ಸಾಬರು ಬರುತ್ತಿದ್ದರು. ಅಂಗಳದಲ್ಲಿ ಗೋಣಿ ಹಾಸಿ ಬಿಚ್ಚುವಾಗ ಪ್ರತಿ ಭಾಗವನ್ನೂ ನನ್ನ ಕೈಗೆ ಕೊಟ್ಟು, "ಇದೇನು ಮಾಡ್ತದೆ ಹೇಳು ಮಾಣಿ" ಎನ್ನುತ್ತಿದ್ದರು. ತಪ್ಪು ಹೇಳಿದರೆ ತೋರಿಸಿ ಹೇಳಿಕೊಡುತ್ತಿದ್ದರು. ಯಾವ ಕಾಲೇಜೂ ನನ್ನನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲ.

ಆಯುಧಪೂಜೆಯ ದಿನ ಆ ಟಿಲ್ಲರಿಗೆ ಕುಂಕುಮ, ಸೇವಂತಿಗೆ, ಚಕ್ರದಡಿ ನಿಂಬೆಹಣ್ಣು. ಆ ದಿನ ಅದಕ್ಕೆ ರಜೆ. ಮಾರನೆಯ ದಿನ ಹೂವು ಬಾಡುವ ಮೊದಲೇ ಮತ್ತೆ ಕೆಲಸ. ನಮ್ಮ ಹಿರಿಯರು ಪೂಜೆಗೆ ಒಂದು ದಿನ, ದುಡಿಮೆಗೆ ಉಳಿದ ದಿನ ಎಂದು ಲೆಕ್ಕ ಸರಿಯಾಗಿಯೇ ಇಟ್ಟಿದ್ದರು. ಜಾತ್ರೆಯ ಸಾಲಿನಲ್ಲಿ ನಾನು ಕಂಡದ್ದು ವರ್ಷವಿಡೀ ಆಯುಧಪೂಜೆ.

ನೀವು ಕೇಳಬಹುದು, ಓದು ಬರಹದವರಿಗೆ ಇದರಲ್ಲಿ ಏನಿದೆ ಎಂದು. ರಾಮನಗರದ ಜಾನಪದ ಲೋಕಕ್ಕೆ ಹೋದಾಗ, ಎಚ್.ಎಲ್. ನಾಗೇಗೌಡರು ಕಟ್ಟಿದ ಆ ಸಂಗ್ರಹವನ್ನು ಕೃತಜ್ಞತೆಯಿಂದಲೇ ನೋಡುತ್ತೇನೆ. ಅಂಥ ಜಾಗಗಳಿಲ್ಲದಿದ್ದರೆ ಎಷ್ಟೋ ವಸ್ತುಗಳ ಗುರುತೇ ಇರುತ್ತಿರಲಿಲ್ಲ. ಆದರೆ ಕುಳ, ಮೇಣಿ, ನೊಗ, ಮಿಣಿ ಎಂಬ ಮಾತುಗಳನ್ನು ನೆನೆಸಿಕೊಳ್ಳಿ. ಉಳುವವನ ಬಾಯಲ್ಲಿ ಅವು ದಿನಕ್ಕೆ ನೂರು ಸಲ ಬರುತ್ತಿದ್ದವು. ಮೇಣಿ ಹಿಡಿದ ಅಂಗೈಗೆ ಆ ಪದದ ತೂಕ ಗೊತ್ತಿತ್ತು. ಈಗ ಅವನ್ನು ನಾವು ನಿಘಂಟಿನಲ್ಲಿ ಹುಡುಕುತ್ತೇವೆ. ಪದವೂ ನಿಂತಲ್ಲೇ ತುಕ್ಕು ಹಿಡಿಯುತ್ತದೆ. ಹಳೆಯ ಕಾವ್ಯವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು, ಶಾಸ್ತ್ರೀಯ ಭಾಷೆಯೆಂದು ಎದೆಯುಬ್ಬಿಸುವವರಿಗೂ ಆ ಜಾತ್ರೆಯ ಯಜಮಾನರಿಗೂ ನನಗೆ ಬಹಳ ವ್ಯತ್ಯಾಸ ಕಾಣುವುದಿಲ್ಲ. ಓದಿ ಮೂಲೆ ಮಡಚಿದ, ಅಂಚಿನಲ್ಲಿ ಜಗಳವಾಡಿದ, ಕಾಫಿ ಚೆಲ್ಲಿದ ಪ್ರತಿಯೇ ಬದುಕಿರುವ ಪ್ರತಿ.

ನಿಮ್ಮ ಮನೆಯ ಮೂಲೆಯಲ್ಲೂ ಒಂದು ಇದ್ದೀತು. ಅಜ್ಜಿಯ ಹೊಲಿಗೆ ಯಂತ್ರ, ಅಪ್ಪನ ಸೈಕಲ್ಲು, ಕೊಟ್ಟಿಗೆಯಲ್ಲಿ ಹೆಂಟೆಗಟ್ಟಿದ ಟಿಲ್ಲರು. ಅದರ ಫೋಟೋ ತೆಗೆದು ನೆನಪೆಂದು ಹಾಕುವ ಮೊದಲು ಒಂದು ಸ್ಪ್ಯಾನರ್ ತೆಗೆದುಕೊಳ್ಳಿ. ಬಿಚ್ಚಲು ಹೆದರಬೇಡಿ. ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಹಳೆಯ ಪೇಪರಿನ ಮೇಲೆ ಜೋಡಿಸಿಡಿ. ಎರಡು ಸಲ ಸೋಲುತ್ತೀರಿ, ಮೂರನೆಯ ಸಲ ಅದು ಕೆಮ್ಮಿ ಎದ್ದು ಕೂರುತ್ತದೆ. ಎದ್ದ ಮೇಲೆ ಮತ್ತೆ ಬಟ್ಟೆ ಹೊದಿಸಬೇಡಿ, ಕೆಲಸ ಕೊಡಿ.

ಈ ಏಪ್ರಿಲಿನಲ್ಲಿ ಉಳುಮೆಗೆ ಇಳಿದಾಗ ಅಜ್ಜಿ ಅಡುಗೆಮನೆಯ ಕಿಟಕಿ ತೆರೆದಿಟ್ಟಿದ್ದರು. ಅವರ ಮೊಮ್ಮಗಳು, ಹನ್ನೆರಡರ ಹುಡುಗಿ, ಬೇಲಿ ಹಾರಿ ಬಂದು ಆ ಬೆಂಕಿಪೊಟ್ಟಣದಂಥ ಮುಚ್ಚಳದೊಳಗೆ ಏನಿದೆ ಎಂದು ಕೇಳಿದಳು. ಎಂಜಿನ್ನು ನಿಲ್ಲಿಸಿ ಫೀಲರ್ ಗೇಜನ್ನು ಅವಳ ಕೈಗೆ ಕೊಟ್ಟೆ.

ಆಗಸ್ಟಿನಲ್ಲಿ ಮತ್ತೆ ಜಾತ್ರೆಗೆ ಹೋಗುತ್ತೇವೆ. ಈ ಸಲ ಓಡಿಸುವವಳು ಅವಳು. ಚಕ್ರದ ಮಣ್ಣನ್ನು ನಾವು ತೊಳೆಯುವುದಿಲ್ಲ.